ಕೆಂಪು ಬೂಟಿನ ಕಾಲು

ನಮ್ಮೂರಲ್ಲಿ ಯಾರೂ ಪಾತ್ರೆ ಕೊಳ್ಳುತ್ತಿರಲಿಲ್ಲ. ಪಾತ್ರೆ ಅಂಗಡಿ ಅಂತ ಇದ್ದದ್ದು ಒಂದೇ, ಅದರ ಯಜಮಾನನೂ ಬಹಳ ಹಿಂದೆಯೇ ಬಾಗಿಲೆಳೆದು ಕಾರ್ಖಾನೆಯ ಗೇಟಿಗೆ ಕಾವಲುಗಾರನಾಗಿ ಸೇರಿಕೊಂಡಿದ್ದ. ತಟ್ಟೆ, ಲೋಟ, ಸೌಟು, ಲಟ್ಟಣಿಗೆ, ದಿಂಬು, ಕನ್ನಡಿ, ಕೊಡೆ, ಎಲ್ಲ ತಾವಾಗಿಯೇ ಬರುತ್ತಿದ್ದವು. ಆ ಕಾರ್ಖಾನೆಯಲ್ಲಿ ನಾವು ಮದ್ದು ತುಂಬಿ ಕಳಿಸಿದ ಗುಂಡು ದೂರದ ಯುದ್ಧದಲ್ಲಿ ಯಾರದೋ ಮನೆಯ ಮೇಲೆ ಬಿದ್ದು ಸಿಡಿದ ಗಳಿಗೆಯಲ್ಲೇ ಆ ಮನೆಯ ಒಂದು ವಸ್ತು ಇಲ್ಲಿ, ಆ ಗುಂಡು ತುಂಬಿದವಳ ಪಡಸಾಲೆಯಲ್ಲಿ ಬಂದು ಕೂರುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಕಣ್ಣು ಮಿಟುಕಿಸುವ ಮುಂಚೆ ಬರೀ ನೆಲ, ಮಿಟುಕಿಸಿ ನೋಡಿದರೆ ಚಹಾದ ಕಿಟಲಿ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಒಮ್ಮೆ ಯಾರದೋ ಮನೆಯಲ್ಲಿ ಬೀರುವೊಂದು ಬಂದು ನಿಂತು, ಅಲ್ಲೇ ಒರಗಿದ್ದ ಅಜ್ಜನ ಪಾದ ಜಜ್ಜಿದ ಮೇಲೆ ಪಡಸಾಲೆಯ ನಡುವೆ ಯಾರೂ ಕೂರದೆ ಗೋಡೆಗುಂಟ ಕೂರುವುದು ರೂಢಿಯಾಯಿತು. ಹೆಣ್ಣು ನೋಡಲು ಬಂದವರು ಗೋಡೆಯ ಮಾಡದಲ್ಲಿ ಜೋಡಿಸಿಟ್ಟ ಬಟ್ಟಲುಗಳ ಕಡೆ ಕಣ್ಣು ಹಾಯಿಸಿ ಹುಡುಗಿ ಕೆಲಸದಲ್ಲಿ ಎಷ್ಟು ಚುರುಕು ಅಂತ ಅಳೆಯುತ್ತಿದ್ದರು. ಅರ್ಧ ಉಂಡ ತಟ್ಟೆ ಬಂದರೆ ಕೆಲವರು ಕಾಗೆಗೆ ಹಾಕುತ್ತಿದ್ದರು, ಕೆಲವರು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದರು. ಪಕ್ಕದ ಮನೆಯ ಮಾಬೂಬಿಗೆ ಬಂದ ರೇಡಿಯೋ, ಸೆಲ್ಲು ಸಾಯುವ ತನಕ, ನಮಗೆ ತಿಳಿಯದ ಭಾಷೆಯಲ್ಲಿ ಏನನ್ನೋ ಬೇಡಿಕೊಳ್ಳುವಂತೆ ಮಾತಾಡುತ್ತಲೇ ಇತ್ತು.

ನಮ್ಮ ಓಣಿಗೆ ಬಂದ ತಟ್ಟೆಗಳಿಗೆಲ್ಲ ಅಂಚಿನಲ್ಲಿ ನೀಲಿ ಮೀನು. ಬೇರೆ ಓಣಿಯವರಿಗೆ ಬಂದದ್ದು ಹಸಿರು ಬಳ್ಳಿಯವು, ಬರೀ ಬಿಳಿಯವು. ಅಂದರೆ ನಮ್ಮ ಓಣಿಯ ಹೆಂಗಸರ ಗುಂಡುಗಳು ಅಲ್ಲಿನ ಒಂದೇ ಓಣಿಯ ಮೇಲೆ ಬೀಳುತ್ತಿದ್ದವು. ಯಾಕೆ ಹಾಗೆ, ನಮಗೆ ಗೊತ್ತಿಲ್ಲ. ಆದರೆ ಆ ಓಣಿ ನಮಗೆ ಬೀಗರ ಮನೆಗಿಂತ ಹೆಚ್ಚು ಗೊತ್ತಿತ್ತು. ಅಲ್ಲೊಬ್ಬ ದೊಡ್ಡ ಪಾದದ ಗಂಡಸಿದ್ದಾನೆ. ಅಲ್ಲೊಬ್ಬಳು ಕೂಸಿಗೆ ಕುಲಾವಿ ಹೆಣೆಯುತ್ತಿದ್ದಳು, ಅರ್ಧಕ್ಕೆ ನಿಂತಿದೆ. ಚಹಾಕ್ಕೆ ಹಾಲು ಹಾಕುವುದಿಲ್ಲ ಅವರು.

ಯುದ್ಧ ಯಾಕೆ ನಡೆಯುತ್ತಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಯಾಕೆ ನಿಲ್ಲಬೇಕು ಎಂದು ಮಾತ್ರ ಗುರುವಾರ ಗುರುವಾರ ಹೇಳುತ್ತಿದ್ದರು. ಊಟದ ಸೈರನ್ ಆದ ಮೇಲೆ ಯಂತ್ರ ನಿಲ್ಲಿಸಿ ನಾವೆಲ್ಲ ಎದ್ದು ನಿಲ್ಲಬೇಕು. ಮ್ಯಾನೇಜರ್ ಹಂಚಿನಾಳ ಸಾಹೇಬರು ಧ್ವನಿವರ್ಧಕದಲ್ಲಿ ಸರ್ಕಾರದ ಶಾಂತಿ ಕರೆಯನ್ನು ಓದುತ್ತಿದ್ದರು. ಎರಡೂ ಕಡೆಯವರು ಆಯುಧ ಕೆಳಗಿಡಬೇಕು, ಮಾತುಕತೆಗೆ ಬರಬೇಕು, ಅಮಾಯಕರ ನೆತ್ತರು ಇನ್ನು ಹರಿಯಬಾರದು. ಓದಿ ಮುಗಿಸಿ, ಅದೇ ಉಸಿರಿನಲ್ಲಿ, ಈ ವಾರ ಭಾನುವಾರವೂ ಪಾಳಿ ಇದೆ, ಯಾರೂ ರಜೆ ಕೇಳಬೇಡಿ ಎನ್ನುತ್ತಿದ್ದರು. ಕರೆಯ ದನಿ ಏರಿದ ವಾರವೆಲ್ಲ ಕೆಲಸವೂ ಏರುತ್ತಿತ್ತು. ನಮ್ಮಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ನಿಂತು ನಿಂತು ಕಾಲು ನೋಯುತ್ತಿತ್ತು, ಅಷ್ಟೆ.

ನಮ್ಮ ಗುಂಡು ಯಾರ ಮೇಲೆ ಬೀಳುತ್ತಿತ್ತೋ ಆ ದೇಶ ಶಾಂತಿಗೆ ಒಪ್ಪಲಿಲ್ಲವಂತೆ. ಅದಕ್ಕೆ ಅವರ ಮೇಲೆ ನಿರ್ಬಂಧ ಹೇರಿದರು. ಅಲ್ಲಿಗೆ ಇಲ್ಲಿಂದ ಸೂಜಿ ಹೋಗಬಾರದು, ಔಷಧಿ ಹೋಗಬಾರದು, ಸಾಬೂನು ಹೋಗಬಾರದು. ಅಲ್ಲಿಂದ ಇಲ್ಲಿಗೆ ಹುಲ್ಲುಕಡ್ಡಿಯೂ ಬರಬಾರದು. ಊರಿಗೆ ನಿರ್ಬಂಧದ ಅಧಿಕಾರಿ ಅಂತ ಮೊಕಾಶಿ ಸಾಹೇಬರು ಬಂದರು. ಪಡಸಾಲೆಗೆ ಬಂದು ಕೂತ ಕಿಟಲಿ, ಕೊಡೆಗಳೆಲ್ಲ ಒಂದೇ ದಿನದಲ್ಲಿ ಅಕ್ರಮ ಆಮದು ಆದವು. ಶನಿವಾರ ಶನಿವಾರ ಅವರ ಗಾಡಿ ಮನೆ ಮನೆಗೆ ಬರುತ್ತಿತ್ತು. ತುಂಬಿಕೊಂಡು ಹೋಗಿ, ಸಂತೆ ಬಯಲಿನಲ್ಲಿ ಹರವಿ, ಬ್ಯಾಂಡ್ ಬಾರಿಸಿಕೊಂಡು ಅದರ ಮೇಲೆ ರೋಡ್ ರೋಲರ್ ಓಡಿಸುತ್ತಿದ್ದರು. ಬಚ್ಚಿಟ್ಟುಕೊಂಡವರ ಗೇಟ್ ಪಾಸ್ ಕಸಿಯುತ್ತಿದ್ದರು. ಗೇಟ್ ಪಾಸ್ ಇಲ್ಲದಿದ್ದರೆ ಕಾರ್ಖಾನೆ ಇಲ್ಲ, ಕಾರ್ಖಾನೆ ಬಿಟ್ಟರೆ ನಮ್ಮೂರಲ್ಲಿ ಒಲೆ ಇಲ್ಲ.

ಇಷ್ಟೆಲ್ಲ ಇದ್ದಾಗಲೇ ಒಂದು ಬೆಳಿಗ್ಗೆ ನಮ್ಮ ಮನೆಗೆ ಆ ಕಾಲು ಬಂತು.

ಹೂವಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಗುಂಡು ತುಂಬುವ ಖಾತೆಯಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ, ಅವಳಷ್ಟು ಚುರುಕಿನ ನಾಲಿಗೆಯೂ. ನಾನು ಅದೇ ಖಾತೆಯ ಕೊನೆಯಲ್ಲಿ ತಕ್ಕಡಿಯ ಮುಂದೆ ಕೂರುತ್ತಿದ್ದೆ. ಅವತ್ತು ಹೂವಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ನನ್ನ ಮಗಳು ಗಂಗು ಪಡಸಾಲೆಯಿಂದ ಕೂಗಿದಳು.

"ದೊಡ್ಡವ್ವಾ, ಕಾಲು ಬಂದೈತಿ."

"ಯಾವುದರದ? ಮಂಚದ್ದೇನು, ಹೊರಸಿಂದೇನು?"

"ಅಲ್ಲ. ಬೂಟ್ ಹಾಕ್ಕೊಂಡೈತಿ."

ಹೂವಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಮೊಳಕಾಲಿನಿಂದ ಕೆಳಗಿನದು, ತಿಳಿ ಬಣ್ಣದ ಮರದ್ದು. ಮೇಲ್ತುದಿಯಲ್ಲಿ ಚರ್ಮದ ಬಟ್ಟಲು, ತೊಡೆಗೆ ಬಿಗಿಯಲು ಎರಡು ಪಟ್ಟಿ, ಕಬ್ಬಿಣದ ಕೊಂಡಿ. ಪಾದಕ್ಕೆ ಕೆಂಪು ಬೂಟು, ಬಿಚ್ಚಿಕೊಳ್ಳಬಾರದೆಂದು ದಾರಕ್ಕೆ ಯಾರೋ ಎರಡೆರಡು ಗಂಟು ಹಾಕಿದ್ದರು. ಹೂವಕ್ಕ ಅದನ್ನು ಎತ್ತಿ ಗಂಗುವಿನ ಕಾಲಿನ ಪಕ್ಕಕ್ಕೆ ಹಿಡಿದಳು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸುದ್ದಿ ಕೇಳಿ ಮಾಬೂಬಿ ಬಂದಳು. ಹೊಸ್ತಿಲಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಯಾವತ್ತೂ ಚಾಷ್ಟಿ ಮಾಡಿ ನಗಿಸುವ ಹೆಂಗಸು.

"ಇದರ ಮೊದಲಿನ ಕಾಲು, ಚರ್ಮ ಮಾಂಸದ್ದು, ಅದು ಯಾರ ಗುಂಡಿಗೆ ಹೋಗಿತ್ತೋ ಏನೋ," ಅಂದಳು. "ಆವಾಗ ಒಂದು ಲೋಟ ಬಂದಿರತೈತಿ ನಮ್ಮೊಳಗ ಯಾರಿಗರ. ತೊಳದು ಚಾ ಕುಡದಿರತೀವಿ."

"ಸುಮ್ನಿರ ಮಾಬೂಬಿ," ಅಂದೆ ನಾನು.

"ನಾ ಸುಮ್ನ ಇರತೀನಿ. ಆ ಕೂಸು ಇದ್ದರ ಅದೂ ಸುಮ್ನ ಕುಂತಿರಬೇಕೀಗ."

"ಐತಿ," ಅಂದಳು ಹೂವಕ್ಕ. "ಕೂಸು ಐತಿ."

"ನಿನಗ ಹೆಂಗ ಗೊತ್ತು?"

"ಇರಬೇಕು. ಇಲ್ಲಂದ್ರ ಇದನ್ನ ನಾ ಯಾರಿಗೆ ಕೊಡ್ಲಿ?"

ಹಾಗೆ ಆ ಮಾತು ಹುಟ್ಟಿತು. ಕೊಡುವುದು. ನಮ್ಮೂರಲ್ಲಿ ಬಂದ ವಸ್ತುವನ್ನು ಬಳಸಿದವರಿದ್ದರು, ಬಚ್ಚಿಟ್ಟವರಿದ್ದರು, ಹೂತವರಿದ್ದರು. ಮರಳಿ ಕೊಡುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಹೂವಕ್ಕ ಅದನ್ನು ಹೇಳಿದ್ದು ಹೇಗಿತ್ತೆಂದರೆ, ಎದುರು ಮನೆಯವರ ಒನಕೆ ನಮ್ಮಲ್ಲೇ ಉಳಿದಿದೆ, ಒಯ್ದು ಕೊಟ್ಟು ಬರುತ್ತೇನೆ ಅಂದಂತೆ. ಮತ್ತೆ ಗಂಗುವಿನ ಕಾಲು ನೋಡಿ ಅಂದಳು, "ಲಗೂನ ಕೊಡಬೇಕು. ಮಕ್ಕಳು ಹಿಡಿ ಹಿಡಿ ಬೆಳೀತಾವ. ಮಳಿಗಾಲ ಬರೂದರಾಗ ಇದು ಗಿಡ್ಡ ಆಕ್ಕೈತಿ."

ಮೊದಲು ನೆಟ್ಟಗಿನ ದಾರಿಯನ್ನೇ ಹಿಡಿದಳು. ಕಾಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಮೊಕಾಶಿ ಸಾಹೇಬರ ಕಚೇರಿಗೆ ಹೋದಳು. ಸಾಹೇಬರು ಸಭ್ಯರು. ಕುರ್ಚಿ ತೋರಿಸಿದರು, ನೀರು ತರಿಸಿದರು. ಟವೆಲ್ ಬಿಚ್ಚಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಅಲ್ಲಿಗೆ ಕಳಿಸಬೇಕ್ರಿ ಸಾಹೇಬ್ರ. ನೀವು ಒಂದು ಚೀಟಿ ಕೊಟ್ರ ಆತು."

"ಹಂಗ ಕೊಡಾಕ ಬರೋದಿಲ್ಲ ತಾಯಿ. ಮರ ಹೋಗೋ ಹಂಗಿಲ್ಲ. ಚರ್ಮ ಹೋಗೋ ಹಂಗಿಲ್ಲ. ಕಬ್ಬಿಣ ಅಂತೂ ಇಲ್ಲೇ ಇಲ್ಲ. ಮ್ಯಾಲ ಇದು ವೈದ್ಯಕೀಯ ಸಾಮಾನು. ಇದೊಂದರೊಳಗ ನಾಕು ನಿಷೇಧ ಅದಾವ."

"ಬೂಟು?"

"ಬೂಟು ಸೇರಿ ಐದು."

"ಕೂಸಿನ ಕಾಲ್ರಿ ಅದು."

"ನನಗೂ ಮಕ್ಕಳದಾವ. ಅವರ ಸರ್ಕಾರ ಶಾಂತಿಗೆ ಒಪ್ಪಲಿ, ಮರುದಿನಾನ ನಾನೇ ಪಾರ್ಸಲ್ ಮಾಡಿ ಕಳಿಸ್ತೀನಿ. ಒತ್ತಡ ಹಾಕದ ಹೊರತು ಅವರು ಒಪ್ಪೂದಿಲ್ಲ. ಇದು ಒತ್ತಡ."

"ಯಾರ ಮ್ಯಾಲ್ರಿ ಒತ್ತಡ? ಕುಂಟೋ ಕೂಸಿನ ಮ್ಯಾಲೇನು?"

ಸಾಹೇಬರು ಕಿಟಕಿಯ ಕಡೆ ನೋಡಿದರು. ಹೊರಗೆ ಕಾರ್ಖಾನೆಯ ಲಾರಿಗಳು ಸಾಲಾಗಿ ಗೇಟು ದಾಟುತ್ತಿದ್ದವು.

"ಅವು ಹೊಂಟಾವಲ್ರಿ," ಅಂದಳು ಹೂವಕ್ಕ. "ಅವೂ ಕಬ್ಬಿಣಾನ. ಅವೂ ಅಲ್ಲಿಗೇ ಹೊಂಟಾವ."

"ಅವು ಅಲ್ಲಿಗೆ ಹೋಗೋದಿಲ್ಲ. ನಮ್ಮ ಮಿತ್ರ ದೇಶಕ್ಕೆ ಹೋಗ್ತಾವ. ಅದು ಸರಕಲ್ಲ, ನೆರವು. ಮಿತ್ರರು ಅದನ್ನ ಯಾರಿಗೆ ಕೊಡ್ತಾರ ಅನ್ನೋದು ಅವರಿಗೆ ಬಿಟ್ಟಿದ್ದು."

"ಯಾರಿಗೂ ಕೊಡೂದಿಲ್ರಿ. ಮ್ಯಾಲಿಂದ ಒಗೀತಾರ."

ಮೊಕಾಶಿ ಸಾಹೇಬರು ಕನ್ನಡಕ ಹಾಕಿಕೊಂಡರು. ಟವೆಲ್ಲನ್ನು ತಾವೇ ಮತ್ತೆ ಕಾಲಿಗೆ ಸುತ್ತಿ, ಮೇಜಿನ ಮೇಲಿಂದ ನಮ್ಮ ಕಡೆ ಸರಿಸಿದರು. "ನಾನಿದನ್ನ ನೋಡಿಲ್ಲ. ಶನಿವಾರ ಗಾಡಿ ಬಂದಾಗ ನೋಡ್ತೀನಿ. ಅಷ್ಟು ಉಪಕಾರ ಮಾಡಬಲ್ಲೆ," ಅಂದರು.

ಬರುವಾಗ ಹೂವಕ್ಕ ಕಾಲನ್ನು ಕಂಕುಳಲ್ಲಿ ಅವುಚಿಕೊಂಡು ಮುಂದೆ ನಡೆದಳು. ಸಂತೆ ಬಯಲಿನ ಹತ್ತಿರ ನಿಂತಳು. ರೋಡ್ ರೋಲರ್ ಬೇವಿನ ಗಿಡದ ನೆರಳಲ್ಲಿತ್ತು. ಅದರ ಗಾಲಿಗೆ ನೀಲಿ ಮೀನಿನ ಚೂರು ಅಂಟಿಕೊಂಡಿತ್ತು. ಉಗುಳಿದಳು, ನೆಲಕ್ಕಲ್ಲ, ಗಾಲಿಗೆ.

"ಇಲ್ಲಿಂದ ಅಲ್ಲಿಗೆ ಹೋಗೂದು ಏನೈತಿ ಹೇಳು," ಅಂದಳು.

"ಏನೂ ಇಲ್ಲಕ್ಕಾ. ಗುಂಡು ಬಿಟ್ರ."

"ಹಾಂ."

ಆ ಹಾಂ ಅನ್ನು ಅವಳು ಅಂದ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು. ನಮ್ಮ ಖಾತೆಯಲ್ಲಿ ತುಂಬುವ ಗುಂಡು ಸಣ್ಣದಲ್ಲ. ಅಕ್ಕಿ ಹಾಕಿಡುವ ಡಬ್ಬಿಯಷ್ಟು ಅಗಲ, ಗಂಗುವನ್ನು ಇಳಿಸಿದರೆ ಸೊಂಟದ ತನಕ ಮುಳುಗುವಷ್ಟು ಆಳ. ತುಂಬಿ ಮುಚ್ಚಳ ತಿರುಗಿಸಿದ ಮೇಲೆ ಅದು ನನ್ನ ತಕ್ಕಡಿಗೆ ಬರುತ್ತಿತ್ತು. ಮುಳ್ಳು ಕೆಂಪು ಗೆರೆಯ ಮೇಲೆ ನಿಂತರೆ ಪಾಸು. ಒಳಗೇನಿದೆ ಎಂದು ನೋಡುವುದು ಯಾರ ಕೆಲಸವೂ ಅಲ್ಲ. ಇಷ್ಟು ವರ್ಷದಲ್ಲಿ ಯಾರಿಗೂ ಹಾಗೆ ಅನ್ನಿಸಿರಲಿಲ್ಲ, ಮದ್ದಿನ ಬದಲು ಇನ್ನೇನನ್ನಾದರೂ ಯಾರು ಯಾಕೆ ತುಂಬುತ್ತಾರೆ?

ಮಾಬೂಬಿಗೆ ಹೇಳದೆ ಆಗುವಂತಿರಲಿಲ್ಲ. ಖಾತೆಯಲ್ಲಿ ಅವಳು ಕೂತು ಗುಂಡು ತುಂಬುವ ಪೀಠ ಹೂವಕ್ಕನ ಪಕ್ಕದ್ದೇ.

"ಹುಚ್ಚಿ, ಮರದ ಕಾಲು ಹಗುರ. ಮುಳ್ಳು ಏಳೂದs ಇಲ್ಲ," ಅಂದಳು ಮಾಬೂಬಿ.

"ತೂಕಕ್ಕ ಬ್ಯಾರೆ ಹಾಕೂಣು."

"ಏನು ಹಾಕ್ತಿ, ಕಲ್ಲು ಹಾಕ್ತಿ? ಕೂಸಿನ ಕಾಲು ಕೊಟ್ಟು ಜೋಡಿಗೆ ಕಲ್ಲು ಕೊಡ್ತಿ?" ಆಮೇಲೆ ತಾನೇ ಹೇಳಿದಳು. "ಅವರದs ಸಾಮಾನು ಹಾಕು. ನನ್ನ ಹಂತ್ಯಾಕ ಅವರ ಕುಟ್ಟೂ ಕಲ್ಲೈತಿ. ಯಾಡ್ ವರ್ಷದಿಂದ ಹಿತ್ತಲದಾಗ ಹುಗದೀನಿ."

"ಅಕ್ಕಾ, ಅದು ಯಾರರ ತಲಿ ಮ್ಯಾಲ ಬಿದ್ರ?" ಅಂದೆ ನಾನು. ಅವತ್ತಿನಿಂದ ನನ್ನನ್ನು ಕಾಡುತ್ತಿದ್ದದ್ದು ಅದೊಂದೇ.

ಹೂವಕ್ಕ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. "ಮದ್ದು ತುಂಬಿದ್ದು ಬಿದ್ರ ಹೆಂಗ ಅಂತ ಯಾವತ್ತರ ಕೇಳಿದ್ದೇನು ನೀನು?" ಅಂದಳು.

ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಶನಿವಾರದ ಗಾಡಿ ಬರುವ ಮುಂಚೆ ಆಗಬೇಕಿತ್ತು. ಗುರುವಾರವೇ ಸರಿ ಎಂದಳು ಹೂವಕ್ಕ. ಶಾಂತಿ ಕರೆ ಓದುವಾಗ ಮೇಸ್ತ್ರಿಗಳೂ ಧ್ವನಿವರ್ಧಕದ ಕಡೆ ಮುಖ ಮಾಡಿ ನಿಲ್ಲಬೇಕೆಂಬ ಕಟ್ಟಳೆ ಇತ್ತು. ಮಾತು ಮಾಬೂಬಿಯಿಂದ ಓಣಿಗೆ ದಾಟಿತ್ತು, ಅವತ್ತು ನಮ್ಮ ಓಣಿಯ ಹೆಂಗಸರು ಬಚ್ಚಿಟ್ಟ ಸಾಮಾನನ್ನು ಹೊಟ್ಟೆಗೆ ಕಟ್ಟಿ, ಬಸುರಿಯರಂತೆ ಸೆರಗು ಹೊದ್ದುಕೊಂಡು ಗೇಟು ದಾಟಿದರು. ಒಳಗೆ ಬರುವವರನ್ನು ತಡವಿ ನೋಡುತ್ತಿರಲಿಲ್ಲ. ಕಾರ್ಖಾನೆಯೊಳಗೆ ಏನನ್ನಾದರೂ ತರುವವರು ಯಾರು, ಕದಿಯುವವರೇನಿದ್ದರೂ ಹೊರಗೆ ಒಯ್ಯುತ್ತಾರೆ ಎಂದು ಅವರ ಲೆಕ್ಕ.

ಸೈರನ್ ಆಯಿತು. ಹಂಚಿನಾಳ ಸಾಹೇಬರ ದನಿ ಬಂತು. ಎಲ್ಲ ಮುಖಗಳೂ ಆ ಕಡೆ ತಿರುಗಿದವು. ಹೂವಕ್ಕ ಖಾಲಿ ಗುಂಡಿನ ಬಾಯಿಗೆ ಕಾಲನ್ನು ಇಳಿಸಿದಳು. ಪಾದ ಅಡ್ಡ ಬಂತು. ತಿರುಗಿಸಿ, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮಾಡುವಂತೆ ಕೆಳಗಿನಿಂದ ಕೈಕೊಟ್ಟು ಇಳಿಸಿದಳು. "ಎರಡೂ ಕಡೆಯವರು ಕೂಡಲೇ" ಎಂದಿತು ಧ್ವನಿವರ್ಧಕ. ಮಾಬೂಬಿ ಕುಟ್ಟುವ ಕಲ್ಲು ಕೊಟ್ಟಳು. ಇನ್ನೊಬ್ಬಳು ಕಬ್ಬಿಣದ ಸೌಟು, ಮತ್ತೊಬ್ಬಳು ಇಸ್ತ್ರಿಪೆಟ್ಟಿಗೆ, ಬಾಗಿಲ ಚಿಲಕ. ಸದ್ದಾಗದಿರಲೆಂದು ಸಂದುಗಳಲ್ಲಿ ಆ ಅರ್ಧ ಹೆಣೆದ ಕುಲಾವಿ, ದಿಂಬಿನ ಅರಳೆ ತುರುಕಿದರು. "ಅಮಾಯಕರ ನೆತ್ತರು" ಎನ್ನುವ ಹೊತ್ತಿಗೆ ಮುಚ್ಚಳ ತಿರುಗಿತ್ತು. ಗುಂಡು ಉರುಳಿಕೊಂಡು ನನ್ನ ಮುಂದೆ ಬಂತು. ಮುಳ್ಳು ಏರಿತು, ನಡುಗಿತು, ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು.

ಮಾಬೂಬಿ ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಹತ್ತಿರವಿದ್ದದ್ದನ್ನು ಯೋಚಿಸಿದೆ, ಏನೂ ಇರಲಿಲ್ಲ. ಮುಳ್ಳನ್ನು ನೋಡಿದೆ. ಪಾಸಿನ ಮುದ್ರೆ ಒತ್ತಿದೆ. ಭಾನುವಾರವೂ ಪಾಳಿ ಇದೆ ಎಂದು ಹೇಳಿ ಸಾಹೇಬರ ದನಿ ನಿಂತಿತು.

ಅವತ್ತಿನಿಂದ ಹೂವಕ್ಕ ಇನ್ನೊಂದು ಗುಂಡು ತುಂಬಲಿಲ್ಲ. ಅಂಗೈ ಒಡೆದಿದೆ ಎಂದು ಹೇಳಿ ಕಸ ಗುಡಿಸುವ ಕೆಲಸ ಕೇಳಿ ಹಾಕಿಸಿಕೊಂಡಳು. ಹಿಂದೆ ತುಂಬಿ ಕಳಿಸಿದವು ಇನ್ನೂ ಸಿಡಿಯುತ್ತಿದ್ದವು. ಪಡಸಾಲೆಗೆ ಬಾಚಣಿಗೆ ಬಂತು, ಉಪ್ಪಿನ ಡಬ್ಬಿ ಬಂತು. ಒಂದೊಂದು ಬಂದಾಗಲೂ ಹೂವಕ್ಕ ಎದುರು ಕೂತು, ಅದನ್ನು ಎತ್ತಿಕೊಳ್ಳದೆ, ಮುಟ್ಟದೆ, ನೋಡುತ್ತಲೇ ಇರುತ್ತಿದ್ದಳು. ಆಮೇಲೆ ಬರುವುದು ಕಡಿಮೆಯಾಯಿತು. ಕೊನೆಗೆ ನಿಂತೇಹೋಯಿತು. ಗಂಗು ಪಡಸಾಲೆಯ ನಡುವೆ ಆಡತೊಡಗಿದಳು. ಮುಟ್ಟಿತೋ ಇಲ್ಲವೋ ಎಂದು ಹೂವಕ್ಕ ಯಾರನ್ನೂ ಕೇಳಲಿಲ್ಲ, ಯಾರನ್ನು ಕೇಳುವುದು. ಒಂದು ದಿನ ಮಾತ್ರ ಗಂಗುವಿನ ಲಂಗದ ಅಂಚು ಬಿಚ್ಚಿ ಇಳಿಸಿ ಹೊಲಿಯುತ್ತಾ, "ಈಗ ಮುಟ್ಟಿದ್ರೂ ಗಿಡ್ಡ ಏನೋ," ಅಂದಳು.

ಮಳೆಗಾಲ ಬಂದು ಹೋದ ಮೇಲೆ ಗುಂಡು ವಾಪಸು ಬಂತು.

ಪಡಸಾಲೆಗೆ ಅಲ್ಲ, ಕಾರ್ಖಾನೆಗೆ, ಸರ್ಕಾರಿ ಜೀಪಿನಲ್ಲಿ, ಅರಗಿನ ಮುದ್ರೆ ಹಾಕಿಸಿಕೊಂಡು. ಆದದ್ದು ಇಷ್ಟು. ಶಾಂತಿ ಮಾತುಕತೆಗೆಂದು ಯಾವುದೋ ಮೂರನೇ ಊರಿನಲ್ಲಿ ಎಲ್ಲರೂ ಸೇರಿದ್ದರಂತೆ. ಆ ದೇಶದವರು ಸಿಡಿಯದ ಈ ಗುಂಡನ್ನು ಮೇಜಿನ ಮೇಲೆ ಇಟ್ಟು, ಆಯುಧ ಕೊಡುವವರು ಇವರೇ ನೋಡಿ ಎಂದರಂತೆ. ನಮ್ಮವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಇದರೊಳಗೆ ಒಂದು ಕಾಲು ಇತ್ತು, ಸೌಟಿತ್ತು, ಇಸ್ತ್ರಿಪೆಟ್ಟಿಗೆ ಇತ್ತು ಎಂದು ಅವರು ಹೇಳಿದಾಗ ನಮ್ಮವರ ಮುಖ ಕಪ್ಪಿಟ್ಟಿತಂತೆ. ನಿರ್ಬಂಧ ಹೇರಿದವರ ಕಾರ್ಖಾನೆಯಿಂದಲೇ ನಿರ್ಬಂಧ ಮುರಿದಿದೆ. ಮಾತುಕತೆ ಅಲ್ಲಿಗೇ ನಿಂತಿತಂತೆ. ಗುಂಡು ಬಿದ್ದದ್ದಕ್ಕೆ ನಿಲ್ಲದ ಮಾತುಕತೆ.

ಗುಂಡಿನ ತಳದಲ್ಲಿ ತುಂಬಿದವಳ ಗುರುತಿನ ಅಂಕಿ ಇರುತ್ತದೆ. ವಿಚಾರಣೆ ನಮ್ಮ ಖಾತೆಯಲ್ಲೇ ನಡೆಯಿತು. ಮೊಕಾಶಿ ಸಾಹೇಬರು, ಹಂಚಿನಾಳ ಸಾಹೇಬರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ನಾವೆಲ್ಲ ಸಾಲಾಗಿ ನಿಂತೆವು. ಹೂವಕ್ಕ ಕೈಯಲ್ಲಿ ಕಸಬರಿಗೆ ಹಿಡಿದೇ ಬಂದಿದ್ದಳು.

"ನಿಷೇಧಿತ ಸರಕನ್ನ ಶತ್ರು ದೇಶಕ್ಕೆ ರಫ್ತು ಮಾಡಿದ ಆರೋಪ," ಎಂದರು ಮೊಕಾಶಿ ಸಾಹೇಬರು. "ಒಪ್ಪಿಗೋತೀರೇನು?"

"ಗುಂಡಿನ್ಯಾಗ ಮದ್ದು ತುಂಬಲಿಲ್ಲ ಅಂತ ಆರೋಪ ಇಲ್ಲೇನ್ರಿ?"

"ಅದು ಕೆಲಸದಲ್ಲಿ ಅಜಾಗರೂಕತೆ. ಅದು ಮ್ಯಾನೇಜರಿಗೆ ಬಿಟ್ಟಿದ್ದು. ನನಗೆ ಸಂಬಂಧಪಟ್ಟಿದ್ದು ಕಾಲು."

"ಮದ್ದು ತುಂಬಿ ಕಳಿಸಿದ್ರ ನೀವು ಇವತ್ತು ಬರತಿದ್ದಿಲ್ಲ."

"ಯಾಕ ಬರಲಿ?"

"ಬರ್ಕೊರಿ ಹಂಗಾರ. ಕಾಲು ಕಳಿಸೀನಿ. ಮುಟ್ಟಿತೇನ್ರಿ ಅದು?"

"ಅದು ವಿಚಾರಣೆಗೆ ಸಂಬಂಧವಿಲ್ಲ."

"ನನಗ ಐತ್ರಿ. ಆ ಕೂಸು ಹಾಕ್ಕೊಂಡಿತೇನು? ಅಳತಿ ಹಿಡೀತೇನು?"

ಮೊಕಾಶಿ ಸಾಹೇಬರು ಆಳುಗಳಿಗೆ ಕೈಸನ್ನೆ ಮಾಡಿದರು. ಸಾಕ್ಷಿಗಳ ಎದುರು ಗುಂಡನ್ನು ತೆರೆಯಬೇಕಿತ್ತು. ತೆರೆಯುವ ಮುಂಚೆ ತೂಗಬೇಕು, ಅದು ಪದ್ಧತಿ. ಇಬ್ಬರು ಆಳುಗಳು ಎತ್ತಿ ನನ್ನ ತಕ್ಕಡಿಯ ಮೇಲಿಟ್ಟರು. ಖಾಲಿ ಗುಂಡಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನನಗೆ ಕಣ್ಣು ಮುಚ್ಚಿಯೂ ಗೊತ್ತು. ಮುಳ್ಳು ಅದನ್ನು ದಾಟಿ, ಸ್ವಲ್ಪವೇ ಸ್ವಲ್ಪ ಮುಂದೆ ಹೋಗಿ ನಿಂತಿತು. ನಾನು ಹೂವಕ್ಕನ ಕಡೆ ನೋಡಿದೆ. ಅವಳೂ ಮುಳ್ಳನ್ನೇ ನೋಡುತ್ತಿದ್ದಳು. ಕಸಬರಿಗೆ ಕೆಳಗಿಟ್ಟಳು.

ಮುಚ್ಚಳ ತಿರುಗಿಸಿ ಮೇಜಿನ ಮೇಲೆ ಬಗ್ಗಿಸಿದರು. ಕಾಲಿಲ್ಲ, ಸೌಟಿಲ್ಲ, ಕಲ್ಲಿಲ್ಲ. ಗಳಗಳ ಅಂತ ಹಣ್ಣು ಬಿದ್ದವು. ಒಣಗಿಸಿದ ಹಣ್ಣು, ಕಡುಗೆಂಪು, ಸುಕ್ಕು ಸುಕ್ಕಾಗಿ ಹೊಳೆಯುವಂಥವು. ನಮ್ಮ ಕಡೆ ಅವಕ್ಕೆ ಹೆಸರಿಲ್ಲ. ಮೇಜು ತುಂಬಿ ಕೆಳಗೂ ಉರುಳಿದವು.

"ಇದೇನಿದು?" ಎಂದರು ಹಂಚಿನಾಳ ಸಾಹೇಬರು.

"ಏನಂದ್ರ ಏನ್ರಿ," ಅಂದಳು ಹೂವಕ್ಕ. ಅವಳ ದನಿ ಒಡೆದಿತ್ತು. ಅವಳ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಯಾರರ ಡಬ್ಬಿ ಬರಿದ ಮರಳಿ ಕೊಡ್ತಾರೇನ್ರಿ? ನಿಮ್ಮ ಮನ್ಯಾಗ ಕೊಡ್ತಾರ?"

ಮೊಕಾಶಿ ಸಾಹೇಬರು ಒಂದು ಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲಿ ಏನೋ ಸುಳಿಯಿತು ಎಂದುಕೊಂಡೆ. ಹಣ್ಣನ್ನು ಮೇಜಿನ ಮೇಲಿಟ್ಟು ಗುಮಾಸ್ತನ ಕಡೆ ತಿರುಗಿದರು.

"ಬರಕೊ. ಎರಡನೇ ಆರೋಪ. ಶತ್ರು ದೇಶದಿಂದ ಅಕ್ರಮ ಆಮದು."

ಹೂವಕ್ಕ ನಕ್ಕಳು. ಮೇಜಿನ ಹತ್ತಿರ ಹೋಗಿ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು.

"ಅದು ಸಾಕ್ಷಿ, ಮುಟ್ಟಬ್ಯಾಡ್ರಿ," ಎಂದ ಗುಮಾಸ್ತ.

"ಹೌದೇನು," ಅಂದಳು ಅವಳು, ಮತ್ತೆ ಸೆರಗು ಒಡ್ಡಿ ಮೇಜಿನ ಮೇಲಿನದನ್ನೆಲ್ಲ ಬಳಿದುಕೊಂಡು ಸಾಲಿನಗುಂಟ ಹಂಚುತ್ತಾ ಬಂದಳು, ಮನೆಯಲ್ಲಿ ಕೂಸು ಹುಟ್ಟಿದರೆ ಸಕ್ಕರೆ ಹಂಚುವಂತೆ. ಯಾರೂ ಬೇಡ ಅನ್ನಲಿಲ್ಲ. ನೆಲದ ಮೇಲಿನದನ್ನು ಮಾಬೂಬಿ ಆರಿಸಿ, ಒರೆಸಿ, ಗುಮಾಸ್ತನಿಗೂ ಒಂದು ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ನಿಂತ.

ಹೂವಕ್ಕನ ಗೇಟ್ ಪಾಸನ್ನು ಅಲ್ಲೇ ಕಸಿದುಕೊಂಡರು. ಇಬ್ಬರು ಕಾವಲುಗಾರರ ನಡುವೆ ಅವಳು ಜೀಪಿನ ಕಡೆ ನಡೆದಳು, ಬಾಯಿ ಇನ್ನೂ ಆಡುತ್ತಲೇ ಇತ್ತು. ಅವಳು ಬಾಗಿಲು ದಾಟಿದ್ದಳೋ ಇಲ್ಲವೋ, ಹಂಚಿನಾಳ ಸಾಹೇಬರು ಗುಂಡನ್ನು ಬೆರಳಿನಿಂದ ಟಣಟಣ ಬಡಿದು ನೋಡಿದರು.

"ಚಲೋ ಐತಿ, ಒಂದೇ ಕಡೆ ನೆಗ್ಗೇತಿ ಅಷ್ಟs. ಒರಸಿ ತುಂಬ್ರಿ. ಸಂಜೀ ಲಾರಿಗೆ ಹೋಗಲಿ," ಎಂದರು.

ಆಳುಗಳು ಅದನ್ನು ತಂದು ಮಾಬೂಬಿಯ ಪೀಠದ ಮುಂದೆ ಇಟ್ಟರು. ಮಾಬೂಬಿ ಕೈ ಕಟ್ಟಿಕೊಂಡಳು.

"ಏನು?" ಎಂದರು ಸಾಹೇಬರು.

"ಬಾಯಾಗ ಹಣ್ಣೈತ್ರಿ."

"ಅದಕ್ಕ?"

"ತುಂಬೂ ಮುಂದ ಬಾಯಿ ಆಡಸಬಾರದು ಅಂತ ನಿಮ್ಮದs ಕಟ್ಟಳೆ. ಮದ್ದಿನ ಪುಡಿ ಹೊಟ್ಟ್ಯಾಗ ಹೋಗ್ತೈತಂತ."

ಸಾಹೇಬರು ಅವಳ ಪಕ್ಕದವಳನ್ನು ನೋಡಿದರು. ಅವಳೂ ಅಗಿಯುತ್ತಿದ್ದಳು. ಆಚೆಯವಳನ್ನು ನೋಡಿದರು. ಸಾಲಿನ ತುದಿಯ ತನಕ ನೋಡುತ್ತಾ ಬಂದು ನನ್ನ ಹತ್ತಿರ ನಿಂತರು. ನಾನು ಕೆನ್ನೆಯೊಳಗಿನ ಹಣ್ಣನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದೆ. ಹುಳಿ, ಅದರ ಹಿಂದೆಯೇ ಸಿಹಿ.

"ಉಗುಳ್ರಿ," ಎಂದರು ಅವರು.

ಬೀಜ ದೊಡ್ಡದಿತ್ತು, ಸುತ್ತಲಿನ ತಿರುಳು ಬಿಡುವುದು ನಿಧಾನ. ನಾವು ಅವಸರ ಮಾಡಲಿಲ್ಲ.